ಮನೆಗೇ ಬರುತ್ತೇವೆ ಎಂದಿದ್ದರು

ಖಾಜಾ, ಪೊಲೀಸರು ಅವತ್ತು ನಿನ್ನ ಅಕ್ಕ ಮಹಬೂಬಿ ಠಾಣೆಗೆ ಬರಲೇಬೇಕು ಎಂದಿರಲಿಲ್ಲ. ನಾವೇ ಮನೆಗೆ ಬಂದು ಕೇಳಿಕೊಂಡು ಹೋಗುತ್ತೇವೆ ಎಂದಿದ್ದರು. ಬೇಡ ಎಂದವಳು ನಾನು. ಆ ಮಾತನ್ನು ಮಹಬೂಬಿಗೆ ತಿಳಿಸದೆ ನುಂಗಿಕೊಂಡವಳೂ ನಾನೇ — ಅವತ್ತು ಮಾತ್ರವಲ್ಲ, ಅವಳು ಕಣ್ಣು ಮುಚ್ಚುವವರೆಗೂ.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಅಂಗನವಾಡಿಯ ಹಾಜರಿ ತುಂಬಿಸುವಾಗ, ಮಕ್ಕಳ ತೂಕದ ಪಟ್ಟಿ ಬರೆಯುವಾಗ ಸರಸರ ಓಡುವ ಕೈ ಇಲ್ಲಿ ಮಾತ್ರ — ಇರಲಿ, ಕೈಯನ್ನು ಯಾಕೆ ದೂರಲಿ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಡೆದದ್ದನ್ನು ನಡೆದ ಹಾಗೆ, ಏನೂ ಬಿಡದೆ ಹೇಳಬೇಕು ಎಂದು ಊರೂರು ತಿರುಗಿ ಹೆಣ್ಣುಮಕ್ಕಳಿಗೆ ಕಲಿಸಿದವಳು ನಾನು. ಒಮ್ಮೆಯಾದರೂ ಹಾಗೆ ಹೇಳಿ ನೋಡಬೇಕಲ್ಲ. ಊರಿನ ಹೆಸರು, ಠಾಣೆಯ ಹೆಸರು ಬರೆಯುವುದಿಲ್ಲ; ಜೇವರ್ಗಿ ಸೀಮೆ ಎಂದರೆ ಸಾಕು. ಆಗಿನ ಸಾಹೇಬರು ಎಂದೋ ವರ್ಗವಾಗಿ ಹೋದರು. ಅವರ ತಪ್ಪು ಅವರ ಹೊಣೆ. ನಾನು ಬರೆಯಲು ಕೂತಿರುವುದು ನನ್ನದನ್ನು.

ಒಂಬತ್ತು ವರ್ಷದ ಹಿಂದಿನ ಮಾತು. ನಮ್ಮದು ಒಂದೇ ವಾಡೆ, ಒಂದೇ ದೊಡ್ಡ ಬಾಗಿಲು, ನಡುವೆ ಪರ್ಸಿ ಕಲ್ಲು ಹಾಸಿದ ಅಂಗಳ. ಈ ಬದಿಗೆ ನಾನು, ನನ್ನ ಮಗಳು ಸವಿತಾ. ಆ ಬದಿಗೆ ನಿನ್ನ ಅಕ್ಕ. ಗಂಡ ಹೋದ ಮೇಲೆ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು ಬದುಕಿದವಳು, ಕೌದಿ ಹೊಲಿದೇ ನಿನ್ನನ್ನು ಸಾಕಿ ಮದುವೆ ಮಾಡಿದವಳು. ನೀನು ಬೇರೆ ಮನೆ ಮಾಡಿದ್ದರೂ ಬಣ್ಣದ ಕೆಲಸ ಮುಗಿಸಿ ದಿನಾ ಸಂಜೆ ನಮ್ಮ ಅಂಗಳಕ್ಕೆ ಬರುತ್ತಿದ್ದೆ. ಕೈಕಾಲಿಗೆ ಸುಣ್ಣ ಮೆತ್ತಿಕೊಂಡು ಬಂದರೆ ಅವಳು, “ಮೊದ್ಲ ತೊಳಕೋ, ಆಮ್ಯಾಲ ರೊಟ್ಟಿ” ಎಂದು ಗದರಿಸುತ್ತಿದ್ದಳು. ನೀನು ತೊಳೆಯದೆಯೇ ತಿನ್ನುತ್ತಿದ್ದೆ.

ನಾನು ಅಂಗನವಾಡಿ ಟೀಚರು. ಅದರ ಜೊತೆಗೆ ಜನರಿಗೆ ಕಾನೂನು ತಿಳಿಸುವ ಸ್ವಯಂಸೇವಕಿ ಎಂದು ನನ್ನನ್ನು ಆರಿಸಿದ್ದರು. ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಪುಸ್ತಿಕೆ. ಎಷ್ಟು ಜಂಬ ಇತ್ತು ನನಗೆ — ನೀನೂ ನೋಡಿದ್ದೀಯ, “ಅಕ್ಕೋರು ಬಂದ್ರು, ವಕೀಲ್ರು ಬಂದ್ರು” ಎಂದು ಕಾಡುತ್ತಿದ್ದೆ. ಕೊಳಕೂರಿನಲ್ಲಿ, ಯಡ್ರಾಮಿಯಲ್ಲಿ, ಎಲ್ಲಿ ಕರೆದರೂ ಹೋಗಿ ಹೇಳುತ್ತಿದ್ದೆ. ವಿಚಾರಣೆಗೆ ಎಂದು ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಎನ್ನುವಂತಿಲ್ಲ, ಮನೆಗೇ ಬಂದು ಕೇಳಬೇಕು. ಬಾಯಿಮಾತಿನಲ್ಲಿ ಕರೆದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಬಹುದು. ಸಾಕ್ಷಿಯಾಗಿ ಪೊಲೀಸರ ಮುಂದೆ ಹೇಳಿದ ಮಾತಿನ ಕೆಳಗೆ ಸಹಿ ಹಾಕಬೇಕಾಗಿಲ್ಲ. ತನ್ನ ಕುತ್ತಿಗೆಗೇ ಬರುವ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರುವುದು ಕೂಡ ಹಕ್ಕು. ಕನಸಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠ ಆಗಿತ್ತು.

ಪುಸ್ತಿಕೆಯಲ್ಲಿ ಇಲ್ಲದ್ದು ಒಂದಿತ್ತು. ನಮ್ಮ ಕಡೆ ಪೊಲೀಸರು ಬಾಗಿಲಿಗೆ ಬಂದರೆ ಮನೆಯ ಮಾನ ಹೋಯಿತು. ಯಾಕೆ ಬಂದರು ಎಂದು ಯಾರೂ ಕೇಳುವುದಿಲ್ಲ. ಬಂದಿದ್ದರು ಎಂಬುದಷ್ಟೇ ಓಣಿಯಲ್ಲಿ ಉಳಿಯುತ್ತದೆ. ಅದಕ್ಕೇ ನಮ್ಮ ಮರ್ಯಾದಸ್ಥರು ಕರೆ ಬಂದ ಕೂಡಲೇ ಒಗೆದ ಬಟ್ಟೆ ಹಾಕಿಕೊಂಡು ತಾವಾಗಿಯೇ ಠಾಣೆಗೆ ಹೋಗಿ ಕೂರುತ್ತಾರೆ. ಮನೆಯಲ್ಲಿ ಕೇಳಲಿ ಎಂದು ಕಾನೂನು ಕೊಟ್ಟ ಆಸರೆಯನ್ನೇ ನಾವು ಅವಮಾನ ಎಂದುಕೊಂಡಿದ್ದೇವೆ. ಈ ರೂಢಿ ತಪ್ಪು ಎಂದು ಊರೂರಲ್ಲಿ ಹೇಳುತ್ತಿದ್ದೆ. ನನ್ನ ಬಾಗಿಲಿಗೆ ಬಂದಾಗ ನಾನೂ ಅದೇ ಓಣಿಯವಳಾದೆ.

ಆ ವಾರ ಮಹಬೂಬಿ ಕೌದಿ ಹೊಲಿದು ಬಂದಿದ್ದ ದೊಡ್ಡ ಮನೆಯೊಂದರಲ್ಲಿ ಬಂಗಾರದ ಪಾಟಲಿ ಬಳೆಗಳು ಕಾಣೆಯಾಗಿದ್ದವು. ಹಳೆಯ ಸೀರೆಗಳನ್ನು ಇಟ್ಟಿದ್ದ ಟ್ರಂಕಿನಲ್ಲೇ ಪಾಟಲಿಗಳೂ ಇದ್ದವಂತೆ. ಕೌದಿಗೆ ಎಂದು ಆ ಸೀರೆಗಳನ್ನು ತೆಗೆಸಿದ್ದರು. ಗುರುವಾರ ಮಧ್ಯಾಹ್ನ ಪೇದೆಯೊಬ್ಬರು ನಮ್ಮ ಬಾಗಿಲಲ್ಲಿ ನಿಂತು ಕೇಳಿದರು.

“ಮಹಬೂಬಿ ಅಂಬೋರು ಇಲ್ಲೇ ಇರ್ತಾರೇನ್ರಿ?”

“ಹೌದ್ರಿ. ಕೆಲಸಕ್ಕ ಹೋಗ್ಯಾಳ. ಏನ್ ಆಗ್ಯದ್ರಿ?”

“ಏನಿಲ್ರಿ ಬಾಯೋರ. ಆ ಮನ್ಯಾಗ ಬಂಗಾರ ಹೋಗ್ಯದಲ್ಲ, ಅಲ್ಲಿ ಕೆಲಸ ಮಾಡಿದೋರಿಗೆಲ್ಲ ಎರಡ್ ಮಾತು ಕೇಳಾಕತ್ತೇವಿ. ಹೆಣ್ಮಗಳು ಅದಾರ, ನಾಳಿ ಹತ್ತಕ್ಕ ನಾವ ಇಲ್ಲಿಗೆ ಬಂದು ಕೇಳ್ಕೊಂಡು ಹೋಗ್ತೇವಿ. ಮಹಿಳಾ ಪೇದಿ ಸಂಗಟ ಇರ್ತಾರ. ಬೇಕಾರ ನೀವೂ ಬಾಜೂಕ ಕೂಡ್ರಿ.”

ನಾನು ಪುಸ್ತಿಕೆಯಲ್ಲಿ ಓದಿದ್ದನ್ನೇ ಆ ಮನುಷ್ಯ ಒಂದೂ ಬಿಡದೆ ಹೇಳಿದ್ದರು. ಆದರೆ ನಾಳೆ ಹತ್ತು — ಸವಿತಾಳನ್ನು ನೋಡಲು ಆಳಂದ ಕಡೆಯಿಂದ ಗಂಡಿನವರು ಬರುವ ಹೊತ್ತು ಅದೇ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಒಂದೇ ಬಾಗಿಲು, ಒಂದೇ ಅಂಗಳ. ಜೀಪು ನಿಂತಿರುವುದನ್ನು ಕಂಡರೆ ಅವರು ಗಾಡಿಯಿಂದ ಇಳಿಯುವುದೂ ಇಲ್ಲ ಎನ್ನಿಸಿತು.

“ಬ್ಯಾಡ್ರಿ, ಬ್ಯಾಡ್ರಿ,” ಎಂದೆ. “ನೀವ್ಯಾಕ ತ್ರಾಸ ತಗೋತೀರಿ. ಆಕೀನೇ ಬರ್ತಾಳ. ನಾ ಕಳಸ್ತೇನಿ.”

“ನೋಡ್ರಿ ಮತ್ತ. ನಮ್ದೇನ್ ಜಬರ್ದಸ್ತಿ ಇಲ್ಲ.”

“ಕಳಸ್ತೇನಂದ್ನಲ್ರಿ.”

ಅವರು ಹೋದರು. ನಾನು ಬಾಗಿಲು ಮುಂದೆ ಮಾಡಿ ನಾಳೆಯ ಉಪ್ಪಿಟ್ಟಿಗೆ ರವೆ ಹುರಿಯಲು ಕೂತೆ. ಬೇರೆಯೇ ಸಮಯ ಕೇಳಬಹುದಿತ್ತು, ಖಾಜಾ. ಮಧ್ಯಾಹ್ನ ಮೂರಕ್ಕೆ ಬನ್ನಿ ಎಂದಿದ್ದರೆ ಅವರೇನು ಒಲ್ಲೆ ಎನ್ನುತ್ತಿದ್ದರೇ? ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಜೀಪು ಯಾವತ್ತೂ ಬರಬಾರದು ಎಂಬುದೇ ನನ್ನ ಮನಸ್ಸಿನಲ್ಲಿತ್ತು.

ಸಂಜೆ ಅವಳು ಬಂದಳು. ಬೀಗರಿಗೆ ಚಹಾ ಕೊಡಲು ತನ್ನ ಗಾಜಿನ ಕಪ್ಪುಗಳನ್ನು ತಂದಿದ್ದಳು. ಕೂರಲು ಹಾಸುವುದಕ್ಕೆ ತಾನು ಹೊಲಿದದ್ದರಲ್ಲೇ ಚಂದದ ಕೌದಿಯೊಂದನ್ನು ಬಗಲಲ್ಲಿ ಇಟ್ಟುಕೊಂಡಿದ್ದಳು. ಠಾಣೆಯಿಂದ ಕರೆ ಬಂದಿದೆ, ನಾಳೆ ಹತ್ತಕ್ಕೆ ಹೋಗು ಎಂದೆ. ಕೌದಿ ಬಿಚ್ಚುತ್ತಿದ್ದವಳ ಕೈ ನಿಂತಿತು.

“ಹೋಗಲೇಬೇಕೇನ್ರಿ ಅಕ್ಕೋರ?”

“ಹೋಗಬೇಕು. ಕರದಾಗ ಹೋಗಲಿಲ್ಲಂದ್ರ ಸಂಶಯ ನಿನ್ನ ಮ್ಯಾಲೇ ಬರ್ತದ.”

“ಖಾಜಾಗ ಕರಕೊಂಡು ಹೋಗ್ಲೇನ್ರಿ?”

“ಅವನಿಗ್ಯಾಕ. ಗಂಡಸರು ಬಂದ್ರ ಮಾತು ಬೆಳೀತದ. ಬೀಗರು ಹೋದ ಕೂಡ್ಲೇ ನಾನೇ ಬರ್ತೇನಿ.”

“ಏನರೆ ಬರದು ಸಹಿ ಮಾಡು ಅಂದ್ರ? ನನಗ ಕನ್ನಡ ಓದಾಕ ಬರಂಗಿಲ್ಲ.”

“ಮಾಡಿ ಬಂದ್ಬಿಡು. ಅದೇನ್ ದೊಡ್ಡ ಮಾತು.”

ಅವಳು ಕೌದಿ ಹಾಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿ, ಸವಿತಾಗೆ ನಾಳೆ ಹಸಿರು ಸೀರೆಯನ್ನೇ ಉಡು, ಅದು ನಿನಗೆ ಒಪ್ಪುತ್ತದೆ ಎಂದು ಹೇಳಿ ಹೋದಳು. ನಾನು ಹೇಳಿದ ಒಂದೊಂದು ಉತ್ತರವೂ ನಾನೇ ಊರೂರಲ್ಲಿ ಕಲಿಸುತ್ತಿದ್ದುದಕ್ಕೆ ತಿರುಗುಮುರುಗು. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬುರ್ಖಾ ಹಾಕಿಕೊಂಡು ಒಂಬತ್ತೂವರೆಗೇ ಹೊರಟಳು. ಹತ್ತೂಕಾಲಿಗೆ ಗಂಡಿನವರು ಬಂದರು. ಅವಳ ಕೌದಿಯ ಮೇಲೆ ಕೂತರು, ಅವಳ ಕಪ್ಪಿನಲ್ಲಿ ಚಹಾ ಕುಡಿದರು. ಕೌದಿಯ ಹೊಲಿಗೆ ನೋಡಿ ಯಾರು ಮಾಡಿದ್ದು ಎಂದು ಹುಡುಗನ ತಾಯಿ ಕೇಳಿದಾಗ, “ನಮ್ಮ ಬಾಜೂ ಮನಿಯಾಕಿ” ಎಂದೆ. ಎಲ್ಲಿದ್ದಾಳೆ ಎಂದು ಅವರು ಕೇಳಲಿಲ್ಲ. ಒಂದು ಗಂಟೆಗೆ ಎದ್ದು ಹೋದರು. ಆಮೇಲೆ ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ. ಹುಡುಗಿಯ ಎತ್ತರ ಸಾಲದು ಎಂದರಂತೆ. ಸವಿತಾಗೆ ಮುಂದೆ ಬೇರೆ ಕಡೆ ಸಂಬಂಧ ಕೂಡಿಬಂತು, ಈಗ ಸುಖವಾಗಿದ್ದಾಳೆ. ಇದನ್ನು ಬರೆಯುತ್ತಿರುವುದು ಯಾಕೆಂದರೆ — ಮಗಳ ಬದುಕು ಉಳಿಸಲು ಹಾಗೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಮೂರು ಗಂಟೆಗೆ ನಾನು ಠಾಣೆಯ ಕಡೆ ಹೊರಟದ್ದು ನಿಜ. ಇದು ಮಹಬೂಬಿಗೂ ಗೊತ್ತಿರಲಿಲ್ಲ. ರಸ್ತೆಯ ತಿರುವಿನಲ್ಲಿ ನಿಂತರೆ ಠಾಣೆಯ ಪಡಸಾಲೆ ಕಾಣುತ್ತದೆ. ಅವಳು ಅಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದಳು, ಒಬ್ಬಳೇ. ಹೋಗುವವರು ಬರುವವರು ಎಲ್ಲರೂ ಒಮ್ಮೆ ಅವಳ ಕಡೆ ನೋಡುತ್ತಿದ್ದರು. ಅವಳು ನೀರು ಕುಡಿದಿದ್ದಾಳೋ ಇಲ್ಲವೋ ಎಂದುಕೊಂಡೆ. ಹತ್ತಿರ ಹೋದರೆ ನನ್ನನ್ನೂ ಅದೇ ಬೆಂಚಿನಲ್ಲಿ ನೋಡುತ್ತಾರೆ, ಗಂಡಿನವರ ಕಿವಿಗೆ ಬಿದ್ದರೆ — ಅಷ್ಟೇ. ತಿರುಗಿ ಮನೆಗೆ ಬಂದೆ. ಬಂದು ಅವಳ ಕಪ್ಪುಗಳನ್ನು ತೊಳೆದೆ.

ದೀಪ ಹಚ್ಚುವ ಹೊತ್ತಿಗೆ ಅವಳು ಬಂದು ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತಳು. ಬೀಗರು ತಡವಾಗಿ ಹೋದರು, ಬರಲಾಗಲಿಲ್ಲ ಎಂದೆ. ಇರಲಿ ಬಿಡ್ರಿ ಎಂದಳು.

“ಅದೇ ಅದೇ ಕೇಳಿದ್ರಿ. ಯಾರ್ಯಾರು ಬಂದಿದ್ರು, ಟ್ರಂಕಿಗೆ ಯಾರು ಕೈ ಹಚ್ಚಿದ್ರು ಅಂತ. ಮ್ಯಾಲಿಂದ ಟ್ರಂಕ್ ಇಳಿಸಾಕ ಖಾಜಾಗ ಕರಸಿದ್ವಿ ಅಂದೆ. ಖರೇನೇ ಅಲ್ರಿ ಅದು? ಆ ಮನಿ ಅತ್ತಿ ಅಲ್ಲೇ ನಿಂತಿದ್ಳು. ಇಂವ ಇಳಿಸಿಕೊಟ್ಟು ಹಂಗ ಹೋದ.”

“ಅತ್ತಿ ನಿಂತಿದ್ದು ಹೇಳಿದೇನು?”

“ಹೇಳಿದ್ನೋ ಇಲ್ಲೋ ನೆಪ್ಪಿಲ್ರಿ ಅಕ್ಕೋರ. ಸಾಕಾಗಿತ್ತು.”

ಪೊಲೀಸರು ಬರೆದುಕೊಂಡ ಕಾಗದದಲ್ಲಿ ಅದು ಇರಲಿಲ್ಲ ಎಂದು ಆಮೇಲೆ ಠಾಣೆಯವರ ಬಾಯಿಂದಲೇ ತಿಳಿಯಿತು. ಟ್ರಂಕನ್ನು ನೀನು ಮುಟ್ಟಿದ್ದು ಇತ್ತು, ಅತ್ತೆ ನಿಂತದ್ದು ಇರಲಿಲ್ಲ. ಅದರ ಕೆಳಗೆ ಉರ್ದುವಿನಲ್ಲಿ ಅವಳ ಸಹಿ ಇತ್ತು. ನಮ್ಮ ಅಂಗಳದಲ್ಲಿ, ತನ್ನ ಮನೆಯ ಹೊಸ್ತಿಲಲ್ಲಿ ಕೂತು, ಪಕ್ಕದಲ್ಲಿ ನಾನಿದ್ದು ಹೇಳಿದ್ದರೆ ಅವಳು ಎಲ್ಲವನ್ನೂ ಹೇಳುತ್ತಿದ್ದಳು; ಮರೆತಿದ್ದರೆ ನಾನು ಕೇಳಿ ನೆನಪಿಸುತ್ತಿದ್ದೆ. ಮಾತು ಮಾತಿಗೆ ನಗುವವಳು, ಹೇಳಿದ್ದನ್ನೇ ಎರಡು ಸಲ ಹೇಳುವವಳು. ಆ ಬೆಂಚಿನ ಮೇಲೆ ಇಡೀ ದಿನ ಕೂತವಳಿಗೆ ಮನೆಗೆ ಬಿಟ್ಟರೆ ಸಾಕಾಗಿತ್ತು.

ಶನಿವಾರ ಬೆಳಿಗ್ಗೆ ನಿನ್ನನ್ನು ಕರೆದರು. ಸುಮ್ಮನೆ ಬಂದು ಹೋಗು ಎಂದೇ ಕರೆದರು. ನೀನೂ ಒಗೆದ ಅಂಗಿ ಹಾಕಿಕೊಂಡು ಹೋದೆ. ಮೂರು ದಿನ ಬರಲಿಲ್ಲ. ಹಿಡಿದಿದ್ದೇವೆ ಎಂದೂ ಹೇಳಲಿಲ್ಲ, ಬಿಡುತ್ತೇವೆ ಎಂದೂ ಹೇಳಲಿಲ್ಲ.

ಹಾಗೆ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ನನಗೆ ಗೊತ್ತಿತ್ತು. ಬಂಧಿಸಿದ್ದರೆ ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಬಂಧಿಸಿಲ್ಲ ಎಂದಾದರೆ ಎದ್ದು ಮನೆಗೆ ಬರಲು ಬಿಡಬೇಕು. ಬಡವರಿಗಾಗಿ ಇರುವ ವಕೀಲರ ನಂಬರು ನನ್ನ ಗುರುತಿನ ಚೀಟಿಯ ಹಿಂದೆಯೇ ಬರೆದಿತ್ತು. ಮಹಬೂಬಿ ಬಂದು ನನ್ನ ಎರಡೂ ಕೈ ಹಿಡಿದು, “ಯಾರಿಗರೆ ಫೋನ್ ಮಾಡ್ರಿ ಅಕ್ಕೋರ” ಎಂದಳು. ಶನಿವಾರ, ಆಯಿತವಾರ ಯಾರೂ ಸಿಗುವುದಿಲ್ಲ ಎಂದೆ. ಸೋಮವಾರ ಮತ್ತೆ ಬಂದಳು. ಮಾಡಿದ್ದೆ, ಎತ್ತಲಿಲ್ಲ ಎಂದೆ. ಒಮ್ಮೆಯೂ ಮಾಡಿರಲಿಲ್ಲ. ವಕೀಲರು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತಲ್ಲ — ಆ ಹೆಣ್ಣುಮಗಳು ಠಾಣೆಗೆ ಯಾಕೆ ಹೋದಳು, ಯಾರು ಹೋಗು ಎಂದರು?

ಒಂದು ಸುಳ್ಳನ್ನು ಕಾಯಲು ನಿನ್ನ ಮೂರು ದಿನಗಳನ್ನು ಕೊಟ್ಟುಬಿಟ್ಟೆ. ಆ ಮೂರು ದಿನದಲ್ಲಿ ಏನಾಯಿತು ಎಂದು ನೀನು ಯಾರಿಗೂ ಹೇಳಿಲ್ಲ. ನಾನು ಕಂಡದ್ದು ನೀನು ನಡೆದು ಬಂದ ರೀತಿಯನ್ನು ಮಾತ್ರ. ಅಂಗಾಲು ನೆಲಕ್ಕೆ ತಾಗದಂತೆ, ಪಾದದ ಅಂಚಿನ ಮೇಲೆ ನಡೆದು ಬಂದು ದೊಡ್ಡ ಬಾಗಿಲಿನ ಆಚೆಗೆ ನಿಂತೆ. ಒಳಗೆ ಬರಲಿಲ್ಲ. ಅಕ್ಕ ಓಡಿ ಬಂದಳು. ನೀನು ಕೈ ಅಡ್ಡ ಮಾಡಿದೆ.

“ಆಪಾ, ಕಾಗಜ್ ಪೋ ಸೈ ತುಮಾರಿಚ್ ಹೈ ನಾ?”

ಕಾಗದದ ಮೇಲಿನ ಸಹಿ ನಿನ್ನದೇ ಅಲ್ಲವೇ ಎಂದು ಕೇಳಿದೆ. ಅವಳು ಸುಳ್ಳು ಹೇಳುವವಳಲ್ಲ. “ಹೌ, ಮೇರಿಚ್ ಹೈ” ಎಂದಳು. ನೀನು ತಿರುಗಿ ಓಣಿಗೆ ಇಳಿದೆ.

ನಾನು ಕಿಟಕಿಯ ಹಿಂದೆ ನಿಂತಿದ್ದೆ. ಅಂಗಳ ದಾಟಿದರೆ ಹನ್ನೆರಡು ಹೆಜ್ಜೆ. ಸಹಿ ಮಾಡಿ ಬಾ ಎಂದವಳು ನಾನು ಎಂದು ಹೇಳಲು ಅರೆ ನಿಮಿಷ ಸಾಕಿತ್ತು. ನೀನು ಅಂಚಿನ ಮೇಲೆ ನಡೆಯುತ್ತ ಓಣಿಯ ಕೊನೆ ಮುಟ್ಟುವವರೆಗೂ ಹೊತ್ತಿತ್ತು, ನೀನು ಬೇಗ ನಡೆಯುವ ಸ್ಥಿತಿಯಲ್ಲಿರಲಿಲ್ಲ. ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಮುಂದಿನ ವಾರ ಪಾಟಲಿಗಳು ಆ ಮನೆಯಲ್ಲೇ ಸಿಕ್ಕವು. ಅತ್ತೆಯೇ ಬೇರೆ ಕಡೆ ಎತ್ತಿಟ್ಟು ಮರೆತಿದ್ದಳಂತೆ. ಯಾರೂ ನಿನ್ನ ಮನೆಗೆ ಬಂದು ತಪ್ಪಾಯಿತು ಎನ್ನಲಿಲ್ಲ. ಅಷ್ಟರಲ್ಲಿ ನೀನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಫಜಲಪುರಕ್ಕೆ, ಮಾವನ ಊರಿಗೆ ಹೊರಟುಹೋಗಿದ್ದೆ. ಮಹಬೂಬಿಯನ್ನು ಕೌದಿಗೆ ಕರೆಯುತ್ತಿದ್ದ ಮನೆಗಳೂ ಕಡಿಮೆಯಾದವು. ಕಳ್ಳತನ ಅವಳದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಠಾಣೆಯ ಬೆಂಚಿನಲ್ಲಿ ಕೂತದ್ದನ್ನು ಊರೇ ನೋಡಿತ್ತು. ಮರ್ಯಾದೆ ಉಳಿಯಲಿ ಎಂದು ಕಳಿಸಿದೆ — ಯಾರ ಮರ್ಯಾದೆ ಎಂದು ನಾನೇ ಕೇಳಿಕೊಳ್ಳಲಿಲ್ಲ.

ಪ್ರತಿ ರಂಜಾನಿಗೆ ಅವಳು ಶೀರಖುರ್ಮಾ ಮಾಡಿ, ಡಬ್ಬಿಗೆ ತುಂಬಿ ಅಫಜಲಪುರದ ಬಸ್ಸಿನಲ್ಲಿ ಗುರುತಿನವರ ಕೈಲಿ ಕಳಿಸುತ್ತಿದ್ದಳು. ಮುಚ್ಚಳ ತೆರೆಯದೆ ಡಬ್ಬಿ ವಾಪಸು ಬರುತ್ತಿತ್ತು. ಕೆಡಬಾರದು ಎಂದು ಅದನ್ನು ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ, ಖಾಜಾ. ನಿನಗೆ ಎಂದು ಮಾಡಿದ್ದನ್ನು ಕೂತು ತಿಂದಿದ್ದೇನೆ, ಚೆನ್ನಾಗಿದೆ ಎಂದೂ ಹೇಳಿದ್ದೇನೆ. “ನಿನ್ನ ತಮ್ಮಗ ಎಷ್ಟು ಸೊಕ್ಕು” ಎಂದು ಅವಳ ಪರವಾಗಿ ನಿನ್ನನ್ನು ಬೈದಿದ್ದೇನೆ. ಅವಳು ಆಗ, “ಬೈಬ್ಯಾಡ್ರಿ, ಅವನ ಕಾಲು ಇನ್ನೂ ನೋಯ್ತಿರಬೇಕು” ಎನ್ನುತ್ತಿದ್ದಳು. ನಾನು ಹೇಳಿದ್ದಕ್ಕೇ ಠಾಣೆಗೆ ಹೋದೆ ಎಂದು ಅವಳು ಒಮ್ಮೆಯೂ ಯಾರ ಮುಂದೆಯೂ ಅನ್ನಲಿಲ್ಲ. ಅಕ್ಕೋರು ತಿಳಿದದ್ದನ್ನು ಹೇಳಿದರು ಎಂಬುದೇ ಅವಳ ನಂಬಿಕೆಯಾಗಿತ್ತು.

ಇನ್ನೊಂದಿದೆ. ಇದನ್ನು ಬರೆಯದೆ ಮುಗಿಸಿಬಿಡೋಣ ಎಂದು ನಿನ್ನೆ ಪೆನ್ನು ಮುಚ್ಚಿಟ್ಟಿದ್ದೆ.

ಹಳೆಯ ಕಾನೂನುಗಳು ಹೋಗಿ ಹೊಸ ಹೆಸರಿನ ಕಾನೂನುಗಳು ಬಂದ ವರ್ಷ, ಅವುಗಳ ಬಗ್ಗೆ ಹೇಳಿ ಎಂದು ಇಜೇರಿಯ ಮಹಿಳಾ ಸಂಘದವರು ನನ್ನನ್ನು ಕರೆದರು. ಅಲ್ಲಿ ಯಾರೋ ಕೌದಿ ಹೊಲಿಸಬೇಕು ಎಂದಿದ್ದರಿಂದ ಮಹಬೂಬಿಯೂ ಜೊತೆಗೆ ಬಂದಳು. ಶಾಲೆಯ ಕೋಣೆಯಲ್ಲಿ ಹೆಂಗಸರ ನಡುವೆ ಕೂತಳು. ನಾನು ಮಾತಿಗೆ ನಿಂತೆ. ಬಾಯಿಪಾಠದ ಮಾತು, ತನ್ನಷ್ಟಕ್ಕೆ ತಾನೇ ಬರುತ್ತದೆ. “ಹೆಣ್ಮಕ್ಕಳಿಗೆ ಠಾಣಾಕ್ಕ ಬಾ ಅನ್ನಂಗಿಲ್ರಿ. ಮನೀಗೇ ಬಂದು ಕೇಳಬೇಕು. ಹೇಳಿದ್ದಕ್ಕ ಸಹಿ ಮಾಡಬೇಕಂತ ಇಲ್ಲ” — ಅಂದ ಮೇಲೆ ನೋಡಿದೆ, ಅವಳು ಎದುರಿಗೇ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಂದೆ ಏನು ಹೇಳಿದೆನೋ ನೆನಪಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ತೊಗರಿ ಹೂ ಬಿಟ್ಟಿತ್ತು. ಬಹಳ ದೂರ ಬಂದ ಮೇಲೆ ಕೇಳಿದಳು.

“ಆ ಕಾನೂನು ಯಾವಾಗ ಬಂದದ್ರಿ ಅಕ್ಕೋರ?”

ಏಳು ವರ್ಷ ಕಾದ ಮೇಲೆ ದೇವರು ನನಗೆ ಒಂದು ಅವಕಾಶ ಕೊಟ್ಟಿದ್ದ, ಅದೂ ಎಷ್ಟು ಮೆತ್ತಗೆ. ಅವಳು ಜಗಳಕ್ಕೆ ಕೇಳಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು.

“ಈಗ,” ಎಂದೆ. “ಹೊಸದರಾಗ ಬಂದದ.”

“ಹಂಗಾರ ನಮ್ಮ ಟೈಮಿನಾಗ ಇದ್ದಿದ್ದಿಲ್ಲ.”

“ಇದ್ದಿದ್ದಿಲ್ಲ.”

ಅವಳು ತಲೆಯಾಡಿಸಿದಳು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು, ನನಗೇ ಸಮಾಧಾನ ಹೇಳುವವಳಂತೆ ಅಂದಳು: “ಇದ್ದಿದ್ರ ನೀವು ಹೇಳ್ತಿದ್ರಿ ಬಿಡ್ರಿ.”

ಆ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಅಡುಗೆ ಮಾಡಿದೆ, ಉಂಡೆ. ಹೊಸದು ಎಂದು ನಾನು ಹೇಳಿದ ಆ ನಿಯಮ ನಾನು ಹುಟ್ಟುವ ಮೊದಲಿನಿಂದ ಇದ್ದದ್ದು. ಬದಲಾದದ್ದು ಕಾನೂನಿನ ಹೆಸರು. ಮೊದಲ ತಪ್ಪನ್ನು ಹೆದರಿ ಮಾಡಿದೆ ಎಂದಾದರೂ ಅನ್ನಬಹುದು. ಈ ಎರಡನೆಯದಕ್ಕೆ ಹೆದರಿಕೆಯೂ ಇರಲಿಲ್ಲ. ಅವಳ ಕಣ್ಣಲ್ಲಿ ನಾನು ಒಳ್ಳೆಯವಳಾಗಿ ಉಳಿಯಬೇಕಿತ್ತು, ಅಷ್ಟೇ. ಅವಳಿಗೆ ಆ ದಿನ ನಿಜ ತಿಳಿದಿದ್ದರೆ ಅವಳು ನಿನ್ನ ಮನೆಗೆ ಬಂದು, ನಾನು ಮೋಸಹೋದೆ ತಮ್ಮಾ ಎನ್ನುತ್ತಿದ್ದಳು. ನಿನಗೆ ಅಕ್ಕ ಸಿಗುತ್ತಿದ್ದಳು. ಅವಳಿಗೆ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಆಯುಷ್ಯವಿತ್ತು.

ಈ ಚಳಿಗಾಲದಲ್ಲಿ ಅವಳಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನಾಲ್ಕು ದಿನ ನಾನೇ ಇದ್ದೆ. ಖಾಜಾಗೆ ಹೇಳಿಕಳಿಸಲೇ ಎಂದರೆ, ಬೇಡ, ಕೆಲಸ ಬಿಟ್ಟು ಬರಬೇಕಾಗುತ್ತದೆ ಎಂದಳು. ಐದನೆಯ ದಿನ ಹೋಗಿಬಿಟ್ಟಳು.

ನೀನು ಮಣ್ಣಿಗೆ ಬಂದೆ. ಅಂಗಳದೊಳಗೆ ಬರಲಿಲ್ಲ, ದೊಡ್ಡ ಬಾಗಿಲಿನ ಆಚೆಗೇ ನಿಂತೆ. ಅಲ್ಲಿಂದಲೇ ಹೆಗಲು ಕೊಟ್ಟೆ. ಎಲ್ಲ ಮುಗಿಸಿ ಹೋಗುವಾಗ ನನ್ನನ್ನು ಕಂಡು ಕೈ ಮುಗಿದೆ. “ಅಕ್ಕೋರ, ನಾ ನೋಡಲಿಲ್ಲ, ನೀವು ನೋಡ್ಕೊಂಡ್ರಿ. ನಿಮ್ಮ ಋಣ ಭಾಳ ಅದ” ಎಂದೆ. ನಾನೂ ಕೈ ಮುಗಿದೆ. ಆ ನಮಸ್ಕಾರವನ್ನು ತೆಗೆದುಕೊಂಡೆ. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಇಳಿಯುತ್ತದೆ, ಅದೇ ನನಗೆ ನಾಚಿಕೆ.

ಸವಿತಾಗೆ ಹೋದ ವಾರ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಮರುದಿನ ತಾನೇ ಮಾಡಿ, “ಅವ್ವಾ, ಖಾಜಾ ಮಾಮಾಗ ಹೇಳು. ನನ್ನ ಹೆಸರು ಹಚ್ಚಿ ಹೇಳಬ್ಯಾಡ, ನಿನ್ನ ಹೆಸರು ಹಚ್ಚಿ ಹೇಳು” ಎಂದಳು. ಅವಳು ಹೇಳಿದ್ದು ಸರಿ. ಮಗಳನ್ನು ಮುಂದೆ ಮಾಡಿಕೊಂಡು ಬಂದೆ ಇಷ್ಟು ವರ್ಷ.

ಬರುವ ಗುರುವಾರ ಬೆಳಗಿನ ಬಸ್ಸಿಗೆ ಅಫಜಲಪುರಕ್ಕೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೇ ಕೊಡುತ್ತೇನೆ. ನಿನ್ನ ಬಾಗಿಲ ಆಚೆಗೇ ನಿಲ್ಲುತ್ತೇನೆ, ಒಳಗೆ ಕರೆಯಬೇಡ. ನೀನು ಓದಿ ಮುಗಿಸುವವರೆಗೆ ನಿಂತಿರುತ್ತೇನೆ. ಆಮೇಲೆ ನೀನು ಏನಂದರೂ ಕೇಳುತ್ತೇನೆ. ಇನ್ನು ಮುಂದೆ ಯಾವ ಊರಲ್ಲಿ ಮಾತಿಗೆ ನಿಂತರೂ ಮೊದಲು ಈ ಕತೆಯನ್ನೇ, ನನ್ನ ಹೆಸರಿನಲ್ಲೇ ಹೇಳುತ್ತೇನೆ. ಕೇಳಿದ ಮೇಲೆ ಅವರು ನನ್ನನ್ನು ಕರೆಯುವುದು ಬಿಟ್ಟರೆ ಬಿಡಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳಬೇಕಾದವಳು ಮಣ್ಣಿನಲ್ಲಿ ಮಲಗಿದ್ದಾಳೆ. ನಿಮ್ಮ ಕಬರಸ್ತಾನಕ್ಕೆ ಹೆಣ್ಣುಮಕ್ಕಳು ಹೋಗುವ ರೂಢಿಯಿಲ್ಲ. ನಾನು ಅವಳ ಹತ್ತಿರ ಹೋಗಿ ಹೇಳಲಾರೆ. ನೀನು ಹೋಗಬಹುದು. ನನಗಾಗಿ ಅಲ್ಲ, ನಿನಗಾಗಿ ಒಮ್ಮೆ ಹೋಗು. ಅವಳ ಪಕ್ಕ ಸ್ವಲ್ಪ ಹೊತ್ತು ಕೂತು ಹೇಳು: ಆ ಕಾನೂನು ನಿಮ್ಮ ಕಾಲದಲ್ಲೂ ಇತ್ತು ಆಪಾ, ಅಕ್ಕೋರಿಗೆ ಗೊತ್ತಿತ್ತು, ಹೇಳಲಿಲ್ಲ.